ದಿನಬಳಕೆಯ ಉಡುಪಿನ ಉದ್ಯಮ: ಕಡಿಮೆ ಬೆಲೆಯ ಹಿಂದಿನ ಲೆಕ್ಕ

ಬನಿಯನ್, ಚಡ್ಡಿ, ಒಳಲಂಗ, ನೈಟಿ, ಲುಂಗಿ, ಒಂದೇ ಬಣ್ಣದ ಟೀ ಶರ್ಟ್, ಶಾಲಾ ಸಮವಸ್ತ್ರ: ಇವು ಹಬ್ಬ ಬರಲೆಂದು ಕಾಯದೆ, ಹಳೆಯದು ಹರಿದಾಗ ಕೊಳ್ಳುವ ಬಟ್ಟೆಗಳು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಾಗಲಿ ದಾವಣಗೆರೆ ನಗರದಲ್ಲಾಗಲಿ, ಮನೆಯ ಹಗ್ಗದ ಮೇಲೆ ಒಣಗುವ ಬಟ್ಟೆಗಳಲ್ಲಿ ಹೆಚ್ಚಿನವು ಈ ಬಗೆಯವೇ. ಇವುಗಳನ್ನು ದಿನಬಳಕೆಯ ಉಡುಪು ಎಂದು ಕರೆಯಬಹುದು. ವ್ಯಾಪಾರಿಗಳ ಮಾತಿನಲ್ಲಿ ಇವು ‘ಬೇಸಿಕ್ಸ್’. ಹತ್ತಿಯ ಗಿಡದಿಂದಲೋ ಮರದ ತಿರುಳಿನಿಂದಲೋ ಹೊರಟು, ನೂಲಾಗಿ, ಬಟ್ಟೆಯಾಗಿ, ಬಣ್ಣ ಪಡೆದು, ಹತ್ತಾರು ಕೈಗಳಲ್ಲಿ ಹೊಲಿಗೆಗೊಂಡು ಬರುವ ಅಂಗಿಯೊಂದು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅಷ್ಟು ಕಡಿಮೆಗೆ ಮಾರಿಯೂ ತಯಾರಕ ಉಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಅದನ್ನು ಅರಿಯಲು ಹರಿಹರ, ದಾವಣಗೆರೆ ಮತ್ತು ಬಳ್ಳಾರಿಗಿಂತ ಒಳ್ಳೆಯ ಉದಾಹರಣೆಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ದಿನಬಳಕೆಯ ಉಡುಪಿನ ಲಕ್ಷಣ

ಫ್ಯಾಷನ್ ಉಡುಪಿಗೂ ದಿನಬಳಕೆಯ ಉಡುಪಿಗೂ ಇರುವ ಮುಖ್ಯ ವ್ಯತ್ಯಾಸ ಬೆಲೆಯದಲ್ಲ, ಕಾಲದ್ದು. ಈ ವರ್ಷ ಮಾರಾಟವಾಗದ ಬಿಳಿ ಬನಿಯನ್ ಮುಂದಿನ ವರ್ಷವೂ ಅದೇ ಬೆಲೆಗೆ ಮಾರಾಟವಾಗುತ್ತದೆ. ಈ ವರ್ಷದ ಹೊಸ ವಿನ್ಯಾಸದ ಕುರ್ತಾಕ್ಕೆ ಆ ಭಾಗ್ಯವಿಲ್ಲ. ಋತು ಮುಗಿದರೆ ಅದು ಅರ್ಧ ಬೆಲೆಯ ರಾಶಿಗೆ ಸೇರುತ್ತದೆ. ಆದ್ದರಿಂದ ಫ್ಯಾಷನ್ ಉಡುಪಿನ ತಯಾರಕ ಉಳಿದುಹೋಗುವ ಮಾಲಿನ ನಷ್ಟವನ್ನು ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳುತ್ತಾನೆ. ದಿನಬಳಕೆಯ ಉಡುಪಿನವನಿಗೆ ಆ ಭಯ ಕಡಿಮೆ.

ಇದರಿಂದ ಇನ್ನೊಂದು ಅನುಕೂಲ ಹುಟ್ಟುತ್ತದೆ. ಒಂದೇ ಮಾದರಿಯನ್ನು ತಿಂಗಳುಗಟ್ಟಲೆ ಹೊಲಿಯಬಹುದು. ಮಾದರಿ ಬದಲಾದಾಗಲೆಲ್ಲ ಯಂತ್ರಗಳನ್ನು ಹೊಸದಾಗಿ ಜೋಡಿಸಬೇಕು, ಕೈಗಳು ಹೊಸ ಕೆಲಸಕ್ಕೆ ಹೊಂದಿಕೊಳ್ಳಬೇಕು, ಮೊದಲ ಕೆಲವು ದಿನ ಉತ್ಪಾದನೆ ಕುಸಿಯುತ್ತದೆ. ಮಾದರಿ ಬದಲಾಗದ ಕಾರ್ಖಾನೆಯಲ್ಲಿ ಈ ನಷ್ಟದ ದಿನಗಳೇ ಇರುವುದಿಲ್ಲ. ಆದರೆ ಒಂದು ತೊಡಕೂ ಉಂಟು: ಬಿಳಿ ಬನಿಯನ್ ಅನ್ನು ಯಾರು ಬೇಕಾದರೂ ಮಾಡಬಲ್ಲರು. ಎರಡು ರೂಪಾಯಿ ಹೆಚ್ಚಿಸಿದರೆ ಅಂಗಡಿಯವನು ಪಕ್ಕದ ತಯಾರಕನ ಬಳಿಗೆ ಹೋಗುತ್ತಾನೆ. ಹೀಗಾಗಿ ಬೆಲೆ ತಯಾರಕನ ಕೈಯಲ್ಲಿಲ್ಲ. ಅವನ ಕೈಯಲ್ಲಿ ಇರುವುದು ಮೂರೇ: ಬಟ್ಟೆಯ ಉಳಿತಾಯ, ನಿಮಿಷದ ಉಳಿತಾಯ ಮತ್ತು ಹಣ ತಿರುಗುವ ವೇಗ.

ಎಳೆ ಮತ್ತು ನೂಲು

ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ಸಿಗುತ್ತದೆ. 1970ರ ದಶಕದಿಂದ ಇಲ್ಲಿ ಬಿರ್ಲಾ ಸಮೂಹದ ಗ್ರಾಸಿಂ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನಡೆಯುತ್ತಿದೆ. ಹೆಸರಿನಲ್ಲಿ ‘ಪಾಲಿ’ ಇದ್ದರೂ ಇಲ್ಲಿ ತಯಾರಾಗುವುದು ಪಾಲಿಯೆಸ್ಟರ್ ಅಲ್ಲ. ಮರದ ತಿರುಳು ಮತ್ತು ಅದರಿಂದ ಪಡೆಯುವ ವಿಸ್ಕೋಸ್ ಎಳೆ. ನೀಲಗಿರಿಯಂಥ ಮರವನ್ನು ಚೂರು ಮಾಡಿ ಬೇಯಿಸಿ ಅದರ ಸೆಲ್ಯುಲೋಸ್ ಅನ್ನು ಬೇರ್ಪಡಿಸುತ್ತಾರೆ. ಅದನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಸಂಸ್ಕರಿಸಿದಾಗ ಜೇನಿನಂತೆ ಮಂದವಾದ ದ್ರವ ದೊರೆಯುತ್ತದೆ. ಸೂಕ್ಷ್ಮ ರಂಧ್ರಗಳ ಮೂಲಕ ಆ ದ್ರವವನ್ನು ಆಮ್ಲದ ತೊಟ್ಟಿಗೆ ಚಿಮ್ಮಿಸಿದರೆ ಅದು ಎಳೆಯಾಗಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ‘ರೇಯಾನ್ ನೈಟಿ’ ಎಂದು ಕೇಳಿ ಪಡೆಯುವ ಬಟ್ಟೆಯ ಮೂಲ ಇದೇ ವಿಸ್ಕೋಸ್.

ಇನ್ನೊಂದು ಮೂಲ ಹತ್ತಿ. ಭಾರತದಲ್ಲಿ ಹತ್ತಿಯ ಒಂದು ಬೇಲ್ ಎಂದರೆ 170 ಕಿಲೋ. ನೂಲುವಾಗ, ಹೆಣೆಯುವಾಗ, ಬಣ್ಣ ಹಾಕುವಾಗ, ಕತ್ತರಿಸುವಾಗ ಆಗುವ ನಷ್ಟವೆಲ್ಲ ಕಳೆದು ಒಂದು ಬೇಲಿನಿಂದ ಸಾಧಾರಣ ಗಾತ್ರದ 700ರಿಂದ 750 ಟೀ ಶರ್ಟ್‌ಗಳನ್ನು ನಿರೀಕ್ಷಿಸಬಹುದು. ನೂಲಿನ ನಯವನ್ನು ‘ಕೌಂಟ್’ ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಲಡಿಗಳು ಎಷ್ಟು ಬರುತ್ತವೆಯೋ ಅಷ್ಟು ಕೌಂಟ್. 30 ಕೌಂಟ್ ನೂಲು ಒಂದು ಪೌಂಡಿಗೆ 25,200 ಗಜ ಬರುತ್ತದೆ. ಕೌಂಟ್ ಹೆಚ್ಚಿದಂತೆ ನೂಲು ಸಪೂರವಾಗುತ್ತದೆ, ಬೆಲೆಯೂ ಏರುತ್ತದೆ. ಧಾರವಾಡದಲ್ಲಿ ರೂಪುಗೊಂಡ ಡಿ.ಸಿ.ಎಚ್.-32 ತಳಿಯ ಉದ್ದನೆಯ ಎಳೆ ಬಲು ನಯವಾದ ನೂಲಿಗೆ ಹೆಸರಾಯಿತು. ದಿನಬಳಕೆಯ ಉಡುಪಿಗೆ ಅಷ್ಟು ನಯ ಬೇಡ. ಮಧ್ಯಮ ಉದ್ದದ ಎಳೆ, 20ರಿಂದ 40ರೊಳಗಿನ ಕೌಂಟ್ ಸಾಕು. ಬೇಕಾದಷ್ಟು ಗುಣ, ಅದಕ್ಕಿಂತ ಹೆಚ್ಚಿಲ್ಲ ಎಂಬ ಈ ನಿರ್ಧಾರದಿಂದಲೇ ಉಳಿತಾಯ ಮೊದಲಾಗುತ್ತದೆ.

ದಾವಣಗೆರೆಯ ಗಿರಣಿಗಳು ಮತ್ತು ‘ಕಂಟ್ರೋಲ್ ಬಟ್ಟೆ’

ಸುತ್ತಲಿನ ಕಪ್ಪುನೆಲದ ಹತ್ತಿ, ರೈಲು ಮಾರ್ಗ, ಊರಿನ ವರ್ತಕರ ಬಂಡವಾಳ ಈ ಮೂರೂ ಕೂಡಿದ್ದರಿಂದ 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಹುಟ್ಟಿತು. ಬಳಿಕ ಶಂಕರ್ ಟೆಕ್ಸ್‌ಟೈಲ್ ಮಿಲ್ಸ್, ಆಂಜನೇಯ ಕಾಟನ್ ಮಿಲ್ಸ್ ಮೊದಲಾದವು ಸೇರಿಕೊಂಡು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಗಿರಣಿಯ ಸೈರನ್ನಿಗೆ ಊರಿನ ದಿನಚರಿ ಹೊಂದಿಕೊಂಡಿತ್ತು. ಇಂದಿನ ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯ ಹೆಸರು ಆ ಮೊದಲ ಗಿರಣಿಯ ಗುರುತು.

ಗಿರಣಿಗಳ ಮಾದರಿ ಸರಳವಾಗಿತ್ತು. ನೂಲುವಿಕೆ, ನೇಯ್ಗೆ, ಸಂಸ್ಕರಣೆ ಒಂದೇ ಸೂರಿನಡಿ ನಡೆದರೆ ನಡುವಿನ ಸಾಗಣೆಯೂ ದಲ್ಲಾಳಿಯ ಪಾಲೂ ಉಳಿಯುತ್ತವೆ. ಆದರೆ ಬೇಡಿಕೆ ಕುಸಿದಾಗ ಅಷ್ಟೂ ಯಂತ್ರಗಳ, ಅಷ್ಟೂ ಕಾರ್ಮಿಕರ ಖರ್ಚು ಗಿರಣಿಯ ತಲೆಯ ಮೇಲೆಯೇ ಕೂರುತ್ತದೆ. ವಿದ್ಯುತ್ ಮಗ್ಗಗಳು ಬಂದು ಸಣ್ಣ ಶೆಡ್ಡುಗಳಲ್ಲಿ, ಕಡಿಮೆ ಕೂಲಿಯಲ್ಲಿ, ಬೇಕಾದಾಗ ನಡೆಸಿ ಬೇಡವಾದಾಗ ನಿಲ್ಲಿಸುವಂತಾದ ಮೇಲೆ ಸಾದಾ ಬಟ್ಟೆಯಲ್ಲಿ ಗಿರಣಿಗಳು ಅವುಗಳ ಎದುರು ನಿಲ್ಲಲಾರದೆ ಹೋದವು. 

ಇದಕ್ಕೆ ಸರ್ಕಾರದ ನೀತಿಯೂ ಕೂಡಿಕೊಂಡಿತು. ಬಡವರಿಗೆ ಅಗ್ಗದ ಬಟ್ಟೆ ಸಿಗಬೇಕೆಂದು 1960ರ ದಶಕದಿಂದ ದೇಶದ ಗಿರಣಿಗಳ ಮೇಲೆ ಒಂದು ಕಟ್ಟಳೆ ಇತ್ತು: ಉತ್ಪಾದನೆಯ ನಿಗದಿತ ಪಾಲನ್ನು ಪಂಚೆ, ಸೀರೆ, ಲಾಂಗ್‌ಕ್ಲಾತ್ ಮುಂತಾದ ಸಾದಾ ಬಟ್ಟೆಯ ರೂಪದಲ್ಲಿ ಸರ್ಕಾರ ಹೇಳಿದ ಬೆಲೆಗೆ ಕೊಡಬೇಕು. ಜನ ಅದನ್ನು ‘ಕಂಟ್ರೋಲ್ ಬಟ್ಟೆ’ ಎಂದರು. ಹತ್ತಿಯ ಬೆಲೆ ಏರಿದರೂ ಬಟ್ಟೆಯ ಬೆಲೆ ಅದೇ ವೇಗದಲ್ಲಿ ಏರಲಿಲ್ಲ. ಮೀಟರಿಗೆ ಇಷ್ಟು ಎಂದು ನಷ್ಟ ಬೀಳತೊಡಗಿತು. 1970ರ ದಶಕದ ಕೊನೆಗೆ ಖಾಸಗಿ ಗಿರಣಿಗಳನ್ನು ಈ ಹೊಣೆಯಿಂದ ಬಿಡಿಸಿ, ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳಿಗೂ ಕೈಮಗ್ಗದ ‘ಜನತಾ’ ಬಟ್ಟೆ ಯೋಜನೆಗೂ ಒಪ್ಪಿಸಲಾಯಿತು. ಉದ್ದೇಶ ಗೌರವಕ್ಕೆ ಅರ್ಹವಾದುದೇ. ಆದರೆ ವೆಚ್ಚವನ್ನು ಇಳಿಸದೆ ಬೆಲೆಯನ್ನಷ್ಟೇ ಇಳಿಸಿದರೆ ಆ ವ್ಯತ್ಯಾಸವನ್ನು ಯಾರಾದರೂ ತುಂಬಲೇಬೇಕು. ಯಂತ್ರಗಳನ್ನು ನವೀಕರಿಸಲು ಎತ್ತಿಡಬೇಕಾಗಿದ್ದ ಹಣದಿಂದ ಗಿರಣಿಗಳು ಅದನ್ನು ತುಂಬಿದವು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುತ್ತಲಿನ ಹೊಲಗಳೂ ಹತ್ತಿಯಿಂದ ಮೆಕ್ಕೆಜೋಳಕ್ಕೆ ಹೊರಳಿದವು.

ಬಟ್ಟೆಯ ಲೆಕ್ಕ

ಗಿರಣಿಯ ಕಾಲದಲ್ಲಿ ಬಟ್ಟೆ ಮಾರಿದರೆ ವ್ಯಾಪಾರ ಮುಗಿಯುತ್ತಿತ್ತು, ಹೊಲಿಗೆ ಊರಿನ ದರ್ಜಿಯದು. ಸಿದ್ಧ ಉಡುಪಿನ ಕಾಲದಲ್ಲಿ ಹೊಲಿಗೆಯೂ ಕಾರ್ಖಾನೆಗೆ ಬಂತು. ಆದರೂ ಅಗ್ಗದ ಉಡುಪಿನ ತಯಾರಿಕಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಬಟ್ಟೆಯದೇ. ಆದ್ದರಿಂದ ಉಳಿತಾಯದ ದೊಡ್ಡ ಜಾಗ ಕತ್ತರಿಸುವ ಮೇಜು.

ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಾರೆ. ಮೇಲೆ ಮುಂಭಾಗ, ಹಿಂಭಾಗ, ತೋಳು, ಕೊರಳಪಟ್ಟಿಗಳ ನಕ್ಷೆಯನ್ನು ಇಡುತ್ತಾರೆ. ಈ ನಕ್ಷೆಗೆ ‘ಮಾರ್ಕರ್’ ಎಂದು ಹೆಸರು. ತುಂಡುಗಳ ನಡುವೆ ಉಳಿಯುವ ಜಾಗವೆಲ್ಲ ಚಿಂದಿ. ಒಂದು ಟೀ ಶರ್ಟಿನಲ್ಲಿ 150 ಗ್ರಾಂ ಬಟ್ಟೆ ಇದೆ ಎಂದುಕೊಳ್ಳೋಣ. ಹಾಸಿದ ಬಟ್ಟೆಯ ಶೇ 80ರಷ್ಟು ಮಾತ್ರ ಬಳಕೆಯಾದರೆ ಒಂದು ಅಂಗಿಗೆ 187.5 ಗ್ರಾಂ ಬೇಕು; 1,000 ಕಿಲೋ ಬಟ್ಟೆಯಲ್ಲಿ 5,333 ಅಂಗಿಗಳು ಬರುತ್ತವೆ. ನಕ್ಷೆಯನ್ನು ಜಾಣತನದಿಂದ ಜೋಡಿಸಿ ಬಳಕೆಯನ್ನು ಶೇ 84ಕ್ಕೆ ಏರಿಸಿದರೆ ಅಷ್ಟೇ ಬಟ್ಟೆಯಲ್ಲಿ 5,600 ಅಂಗಿಗಳು. ಹೆಚ್ಚುವರಿ 267 ಅಂಗಿಗಳಿಗೆ ಬಟ್ಟೆಯ ಖರ್ಚೇ ಇಲ್ಲ. ಸಣ್ಣ ಗಾತ್ರದ ತೋಳನ್ನು ದೊಡ್ಡ ಗಾತ್ರದ ಕೊರಳಿನ ಸಂದಿಯಲ್ಲಿ ಕೂರಿಸುವ ಮಾರ್ಕರ್ ಕೆಲಸದವರ ಕಣ್ಣಳತೆ ಕಾರ್ಖಾನೆಯ ಲಾಭವನ್ನು ನಿರ್ಧರಿಸಬಲ್ಲದು. ಈಗ ಈ ಕೆಲಸವನ್ನು ಬಹುತೇಕ ಕಂಪ್ಯೂಟರ್ ಮಾಡುತ್ತದೆ. ಚಿಂದಿಯೂ ವ್ಯರ್ಥವಲ್ಲ, ಒರೆಸುವ ಬಟ್ಟೆಗೆ, ಹಾಸಿಗೆ ತುಂಬಲು, ಮತ್ತೆ ನೂಲುವುದಕ್ಕೆ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಬಟ್ಟೆಯ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುವುದು ರೂಢಿ. 180 ಗ್ರಾಂನ ಬಟ್ಟೆಯನ್ನು 150ಕ್ಕೆ ಇಳಿಸಿದರೆ ಆರನೇ ಒಂದು ಪಾಲು ನೂಲು ಉಳಿಯುತ್ತದೆ. ಕೊಳ್ಳುವಾಗ ಈ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಅಂಗಿಯನ್ನು ಬೆಳಕಿಗೆ ಹಿಡಿದರೆ ತಿಳಿಯುತ್ತದೆ.

ನಿಮಿಷದ ಲೆಕ್ಕ

ಹೊಲಿಗೆಯ ಸಾಲಿನಲ್ಲಿ ಒಬ್ಬರೇ ಇಡೀ ಅಂಗಿಯನ್ನು ಹೊಲಿಯುವುದಿಲ್ಲ. ಒಬ್ಬರು ಭುಜ ಕೂಡಿಸುತ್ತಾರೆ, ಇನ್ನೊಬ್ಬರು ಕೊರಳಪಟ್ಟಿ, ಮತ್ತೊಬ್ಬರು ತೋಳು, ಮುಂದಿನವರು ಪಕ್ಕದ ಹೊಲಿಗೆ, ಕೊನೆಯವರು ಕೆಳಮಡಿಕೆ. ಪ್ರತಿಯೊಂದು ಕೆಲಸಕ್ಕೂ ಪಳಗಿದ ಕೈಗೆ ಎಷ್ಟು ಕಾಲ ಬೇಕೆಂದು ಅಳೆದು, ಸ್ವಲ್ಪ ಬಿಡುವು ಸೇರಿಸಿ, ಒಟ್ಟು ಕೂಡಿಸಿದರೆ ಆ ಉಡುಪಿನ ‘ಪ್ರಮಾಣಿತ ನಿಮಿಷ’ ಸಿಗುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ಎಸ್.ಎ.ಎಂ. ಎನ್ನುತ್ತಾರೆ. ಸಾದಾ ಟೀ ಶರ್ಟಿಗೆ ಸುಲಭ ಲೆಕ್ಕಕ್ಕಾಗಿ 10 ನಿಮಿಷ ಎಂದಿಟ್ಟುಕೊಳ್ಳೋಣ.

ಒಂದು ಸಾಲಿನಲ್ಲಿ 30 ಜನರಿದ್ದರೆ, 8 ಗಂಟೆಯ ಪಾಳಿಯಲ್ಲಿ 14,400 ನಿಮಿಷಗಳು ಇರುತ್ತವೆ. ಒಂದು ನಿಮಿಷವೂ ವ್ಯರ್ಥವಾಗದಿದ್ದರೆ 1,440 ಅಂಗಿಗಳು. ವಾಸ್ತವದಲ್ಲಿ ದಾರ ಕಡಿಯುತ್ತದೆ, ಸೂಜಿ ಮುರಿಯುತ್ತದೆ, ಹಿಂದಿನ ಯಂತ್ರದಿಂದ ಮಾಲು ಬರುವುದು ತಡವಾಗುತ್ತದೆ, ತಪ್ಪಿದ ಹೊಲಿಗೆಯನ್ನು ಬಿಚ್ಚಬೇಕಾಗುತ್ತದೆ. ಅರ್ಧದಷ್ಟು ನಿಮಿಷಗಳು ಮಾತ್ರ ಫಲ ಕೊಟ್ಟರೆ 720 ಅಂಗಿಗಳು. ಅದನ್ನು ಶೇ 60ಕ್ಕೆ ಏರಿಸಿದರೆ 864. ಕೂಲಿ, ಬಾಡಿಗೆ, ದೀಪದ ಖರ್ಚು ಎರಡರಲ್ಲೂ ಒಂದೇ. ಅಂಗಿಗಳು ಮಾತ್ರ 144 ಹೆಚ್ಚು. ಹೀಗೆ ಹೆಚ್ಚಿಸುವ ಸರಿಯಾದ ದಾರಿ ಕೆಲಸವನ್ನು ಸಮನಾಗಿ ಹಂಚುವುದು. ಸಾಲಿನ ಅತಿ ನಿಧಾನವಾದ ಕೆಲಸ ಯಾವುದೋ ಅದರ ವೇಗವೇ ಇಡೀ ಸಾಲಿನ ವೇಗ. ಕೊರಳಪಟ್ಟಿಯ ಯಂತ್ರದ ಮುಂದೆ ರಾಶಿ ಬಿದ್ದಿದ್ದರೆ ಅಲ್ಲಿಗೆ ಇನ್ನೊಂದು ಯಂತ್ರ ಹಾಕಬೇಕೇ ಹೊರತು ಎಲ್ಲರನ್ನೂ ಅವಸರಪಡಿಸಿ ಫಲವಿಲ್ಲ. ಇದನ್ನು ತಿಳಿಯದ ಮೇಲ್ವಿಚಾರಣೆ ‘ಟಾರ್ಗೆಟ್’ ಎಂಬ ಒಂದೇ ಮಾತಿನಿಂದ ಕೆಲಸ ತೆಗೆಯಲು ನೋಡುತ್ತದೆ. ಅದರ ಭಾರ ಹೊಲಿಯುವವರ ಬೆನ್ನು, ಕಣ್ಣುಗಳ ಮೇಲೆ ಬೀಳುತ್ತದೆ.

ಹಣದ ತಿರುಗಾಟ

ಮೂರನೆಯ ಲೆಕ್ಕ ಕಣ್ಣಿಗೆ ಕಾಣದು, ಆದರೆ ಸಣ್ಣ ತಯಾರಕರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ನೂಲಿಗೂ ಬಟ್ಟೆಗೂ ಮೊದಲೇ ಹಣ ಕೊಡಬೇಕು. ಹೊಲಿದ ಮಾಲು ಅಂಗಡಿಗೆ ಹೋಗಿ, ಅಂಗಡಿಯವನು ಹಣ ಕೊಡುವವರೆಗೆ ತಿಂಗಳುಗಳು ಕಳೆಯುತ್ತವೆ. ಒಂದು ಸುತ್ತಿಗೆ ಶೇ 4 ಲಾಭ ಎಂದುಕೊಂಡರೆ, ವರ್ಷಕ್ಕೆ ಮೂರು ಸುತ್ತು ತಿರುಗಿದ ಬಂಡವಾಳ ಶೇ 12 ತರುತ್ತದೆ, ಆರು ಸುತ್ತು ತಿರುಗಿದರೆ ಶೇ 24. ಅಂಗಿಯ ಬೆಲೆಯನ್ನು ಒಂದು ಪೈಸೆಯೂ ಏರಿಸದೆ ಲಾಭ ಇಮ್ಮಡಿಯಾಗುವುದು ಹೀಗೆ. ಸುತ್ತು ನಿಧಾನವಾದರೆ ಬಡ್ಡಿಯೇ ಲಾಭವನ್ನು ತಿಂದುಹಾಕುತ್ತದೆ.

ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರ ಆ ಮೊತ್ತವನ್ನು ಅದೇ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂಬ ನಿಯಮವೂ 2024ರಿಂದ ಜಾರಿಯಲ್ಲಿದೆ. ತೆರಿಗೆಯ ವಿಷಯದಲ್ಲಿ ದಿನಬಳಕೆಯ ಉಡುಪು ಕೆಳಗಿನ ಮೆಟ್ಟಿಲಿನಲ್ಲೇ ಇದೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿ.ಎಸ್‌.ಟಿ. ಶೇ 5.

ಬಳ್ಳಾರಿಯ ಮಾದರಿ, ಹೊರಗಿನ ಮಾದರಿ

ನೂಲಿನ ಗಿರಣಿಗಳಿಂದ ಹೆಸರಾದ ದಾವಣಗೆರೆ ಹಿಂದೆ ಬಿದ್ದಾಗ, ಹೊಲಿಗೆಯಿಂದ ಹೆಸರಾದ ಬಳ್ಳಾರಿ ಮುಂದೆ ಬಂತು. ಬ್ರಿಟಿಷರ ಸೇನಾ ನೆಲೆಯಿದ್ದ ಆ ಊರಿನಲ್ಲಿ ಸಮವಸ್ತ್ರ ಹೊಲಿಯುವ ದರ್ಜಿ ಕುಟುಂಬಗಳು ನೆಲೆಸಿದ್ದವು. ಸೇನೆಯ ಕೆಲಸ ನಿಂತ ಮೇಲೆ ಆ ಕೈಗಳು ಕಾಲೇಜು ಸಮವಸ್ತ್ರಕ್ಕೆ, ಅಲ್ಲಿಂದ ಪ್ಯಾಂಟಿಗೆ, ಕೊನೆಗೆ ಜೀನ್ಸಿಗೆ ತಿರುಗಿದವು. ಪಾಯಿಂಟ್ ಬ್ಲ್ಯಾಂಕ್, ವಾಕರ್, ಡ್ರ್ಯಾಗನ್‌ಫ್ಲೈ ಮುಂತಾದ ಹೆಸರುಗಳು ಅಲ್ಲಿಂದ ಹೊರಟವು. ಹೆಸರಿಲ್ಲದೆ ಊರೂರಿನ ಅಂಗಡಿ ಸೇರುವ ಜೀನ್ಸ್ ಇನ್ನೂ ಹೆಚ್ಚು.

ಬಳ್ಳಾರಿಯ ಕ್ರಮ ಗಿರಣಿಯ ಕ್ರಮಕ್ಕೆ ನೇರ ವಿರುದ್ಧ. ಡೆನಿಮ್ ಬಟ್ಟೆ ಹೊರಗಿನಿಂದ ಬರುತ್ತದೆ. ಕತ್ತರಿಸುವುದು ಮಾಲೀಕನ ಘಟಕದಲ್ಲಿ. ಹೊಲಿಗೆ ಮನೆಮನೆಗಳಲ್ಲಿ, ಪೀಸ್ ಲೆಕ್ಕದ ಕೂಲಿಗೆ. ಗುಂಡಿ, ಜಿಪ್ಪು, ದಾರ ಕತ್ತರಿಸುವುದು ಮತ್ತೊಂದು ಮನೆಯಲ್ಲಿ. ತೊಳೆಯುವುದು ಬೇರೆಯದೇ ವಾಷಿಂಗ್ ಘಟಕದಲ್ಲಿ. ಯಂತ್ರ, ಜಾಗ, ವಿದ್ಯುತ್ತಿನ ಖರ್ಚು ನೂರಾರು ಕುಟುಂಬಗಳಲ್ಲಿ ಹಂಚಿಹೋಗುತ್ತದೆ. ಬೇಡಿಕೆ ಇಲ್ಲದ ತಿಂಗಳಲ್ಲಿ ಮಾಲೀಕನಿಗೆ ಖರ್ಚೂ ಇಲ್ಲ. ಆದರೆ ಆ ತಿಂಗಳು ಮನೆಯಲ್ಲಿ ಹೊಲಿಯುವವರಿಗೆ ಆದಾಯವೂ ಇಲ್ಲ. ಗಿರಣಿಯ ತಲೆಯ ಮೇಲಿದ್ದ ಭಾರವನ್ನು ಈ ಕ್ರಮ ಕೆಳಕ್ಕೆ ಇಳಿಸಿತು, ಭಾರ ಇಲ್ಲವಾಗಲಿಲ್ಲ.

ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದು ಗೆದ್ದವರೂ ಇದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 1984ರಲ್ಲಿ ಆರಂಭವಾದ ಗಿಲ್ಡನ್ ಸಂಸ್ಥೆ ಚಿತ್ರವಿಲ್ಲದ ಸಾದಾ ಟೀ ಶರ್ಟುಗಳನ್ನು ಮುದ್ರಕರಿಗೆ ಸಗಟಾಗಿ ಮಾರಿ ಬೆಳೆಯಿತು. ನೂಲನ್ನು ಅಮೆರಿಕದಲ್ಲಿ ತನ್ನದೇ ಗಿರಣಿಗಳಲ್ಲಿ ನೂತು, ಹೊಲಿಗೆಯನ್ನು ಹೊಂಡುರಾಸ್‌ನಂಥ ಕಡಿಮೆ ಕೂಲಿಯ ದೇಶಗಳಲ್ಲಿ ಮಾಡಿಸಿತು. ದಾವಣಗೆರೆಯ ಗಿರಣಿಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಸ್ಪಷ್ಟ: ಗಿರಣಿ ಬಟ್ಟೆಯಲ್ಲಿ ನಿಂತಿತು, ಗಿಲ್ಡನ್ ಅಂಗಿಯವರೆಗೆ ಹೋಯಿತು, ಯಂತ್ರಗಳನ್ನು ಹಳೆಯದಾಗಲು ಬಿಡಲಿಲ್ಲ.

ಬೆಲೆಚೀಟಿಯಲ್ಲಿ ಇಲ್ಲದ ವೆಚ್ಚ

ಅಗ್ಗದ ಎಳೆಗೆ ಅಗ್ಗದ ಮರ ಬೇಕು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕೂಡ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿ, ಹಳ್ಳಿಗರು ದನ ಮೇಯಿಸಲು, ಸೌದೆ ತರಲು ಬಳಸುತ್ತಿದ್ದ ಸಾಮೂಹಿಕ ಭೂಮಿಯಲ್ಲಿ ಸುಮಾರು 30,000 ಹೆಕ್ಟೇರನ್ನು ನೀಲಗಿರಿ ತೋಪಿಗೆ ಗೊತ್ತುಪಡಿಸಿದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹದ ಬಳಿಕ, 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಮರದ ನಿಜವಾದ ಬೆಲೆ ಎಷ್ಟು, ಅದನ್ನು ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಹಳ್ಳಿಗರು ಅಂದು ಎಲ್ಲರೆದುರು ಇಟ್ಟರು.

ಕೂಲಿಯದ್ದೂ ಇಂಥದೇ ಪ್ರಶ್ನೆ. ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ, ಅವರಲ್ಲಿ ಬಹುಪಾಲು ಮಹಿಳೆಯರು, 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆ ಸೇರಬೇಕಿತ್ತು. ಅದನ್ನು ಪಡೆಯಲು ಕಾರ್ಮಿಕ ಸಂಘಟನೆಗಳು ಹೈಕೋರ್ಟಿನವರೆಗೆ ಹೋಗಬೇಕಾಯಿತು. ಮೇಲಿನ ನಿಮಿಷದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಬಹುದು. ತಿಂಗಳಿಗೆ 26 ದಿನ, ದಿನಕ್ಕೆ 480 ನಿಮಿಷ ಎಂದರೆ 12,480 ನಿಮಿಷ. ಆ ತುಟ್ಟಿಭತ್ಯೆ ನಿಮಿಷಕ್ಕೆ ಸುಮಾರು 3.35 ಪೈಸೆ. ಅರ್ಧದಷ್ಟು ನಿಮಿಷಗಳು ವ್ಯರ್ಥವಾಗುವ ಸಾಲಿನಲ್ಲಿ 10 ನಿಮಿಷದ ಅಂಗಿಗೆ 20 ನಿಮಿಷದ ಕೂಲಿ ತಗಲುತ್ತದೆ ಎಂದು ಹಿಡಿದರೂ ಒಂದು ಅಂಗಿಯ ಮೇಲೆ ಬೀಳುವ ಹೆಚ್ಚುವರಿ ಹೊರೆ ಸುಮಾರು 67 ಪೈಸೆ.

ಇಂದಿನ ದಾವಣಗೆರೆ

ದಾವಣಗೆರೆಯ ಕರೂರಿನಲ್ಲಿ ಈಗ ಜವಳಿ ಪಾರ್ಕ್ ಇದೆ. ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಜವಳಿ ತಂತ್ರಜ್ಞಾನದ ಪದವಿಯನ್ನು ಕಲಿಸಿಕೊಂಡು ಬಂದಿದೆ. ರಾಜ್ಯದಲ್ಲಿ ಈ ವಿಷಯ ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟೇ. ನದಿಯಾಚೆಯ ಕುಮಾರಪಟ್ಟಣದಲ್ಲಿ ಎಳೆ ತಯಾರಾಗುತ್ತಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಪ್ರತಿವರ್ಷ ಕೊಡುವ ಉಚಿತ ಸಮವಸ್ತ್ರ, ಮಾದರಿ ಬದಲಾಗದ, ಬೇಡಿಕೆ ತಪ್ಪದ ದಿನಬಳಕೆಯ ಉಡುಪಿಗೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ. ಜೂನ್ ತಿಂಗಳಿಗೆ ಎಷ್ಟು ಮಕ್ಕಳಿಗೆ ಎಷ್ಟು ಅಳತೆಯ ಅಂಗಿ ಬೇಕೆಂಬ ಲೆಕ್ಕ ಶಾಲೆಗಳ ಹಾಜರಿ ಪುಸ್ತಕದಲ್ಲಿ ವರ್ಷದ ಮೊದಲೇ ಇರುತ್ತದೆ.